ಹದ ತಪ್ಪಿದ ಗೇರ್

ಶಿಕಾರಿಪುರದಲ್ಲಿ ಲೇತ್ ಅಂಗಡಿ ಇಟ್ಟಿದ್ದ ಚೌಡೇಶನದು ಯಾರಿಗೂ ಇಲ್ಲವೆನ್ನಲಾರದ ಸ್ವಭಾವ. ಅಂದು ಜಡೆ ಊರಿನಲ್ಲಿ ಅಕ್ಕಿಗಿರಣಿ ನಡೆಸುವ ನಾಗವೇಣಿ ಹೊಸ ಗೇರ್‌ಗಾಗಿ ಬಂದು ಕೂತಿದ್ದಳು. ಕೆಂಪಗೆ ಕಾದ ಗೇರನ್ನು ಅವನು ಆಗಷ್ಟೇ ಎಣ್ಣೆಯಲ್ಲಿ ಅದ್ದಿ ತೆಗೆದಿದ್ದ.

“ಸಣ್ಣ ಉರೀಲಿ ಇನ್ನೊಮ್ಮೆ ಕಾಯಿಸ್ಬೇಕ್ರೀ. ಇಲ್ಲಾಂದ್ರೆ ಗಾಜಿನಂಗೆ ಒಡೀತದೆ.”

“ಜನ ಭತ್ತ ತಂದು ಕಾಯ್ತಿದಾರೆ. ಹಂಗೇ ಕೊಡಿ ಅಣ್ಣಾ.”

ಕೊಟ್ಟುಬಿಟ್ಟ.

ಆಮೇಲೆ ಅವನಿಗೆ ಊಟ ಸೇರಲಿಲ್ಲ. ಗೇರಿನ ಜೊತೆಗೇ ಕಾಯಿಸಿ ಅದ್ದಿದ್ದ ಅದೇ ಉಕ್ಕಿನ ತುಂಡೊಂದನ್ನು ಸುತ್ತಿಗೆಯಿಂದ ತಟ್ಟಿದ. ಫಟ್ಟನೆ ಎರಡಾಯಿತು. ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಗಿರಣಿ ಓಡುತ್ತಿದೆ, ಆ ಸದ್ದಿಗೆ ರಿಂಗ್ ಕೇಳಿಸುತ್ತಿಲ್ಲವೆಂದು ಹೊಳೆದದ್ದೇ ಬೈಕ್ ಹತ್ತಿದ.

ಗಿರಣಿಯ ಮೊರೆತದೊಳಗಿನ ಟಕ್ ಟಕ್ ಸದ್ದು ರಸ್ತೆಗೇ ಕೇಳುತ್ತಿತ್ತು. “ನಾಗವೇಣಕ್ಕಾ, ಈಚೆ ಬರ್ರೀ!” ಎಂದು ಕೂಗಿದ. ಅವಳು ಎದ್ದು ಬಾಗಿಲಿಗೆ ಬರುವಷ್ಟರಲ್ಲಿ ಗೇರ್ ಸಿಡಿಯಿತು. ಅವಳು ಕೂತಿದ್ದ ಸ್ಟೂಲಿನ ಹಿಂದಿನ ತಗಡಿನಲ್ಲಿ ಚೂರೊಂದು ನಾಟಿ ನಿಂತಿತು.

ಮೋಟರು ಆರಿಸಿ ಇಬ್ಬರೂ ಚೂರು ಹೆಕ್ಕಿದರು. ಚೌಡೇಶ ಅವನ್ನು ಜೋಡಿಸಿ ನೋಡಿದ.

“ಒಂದು ಹಲ್ಲು ಇಲ್ಲ. ಅದು ಟಕ್ ಟಕ್ ಅನ್ನೋ ಮೊದಲೇ ಮುರಿದು ಕೆಳಗೆ ಬಿದ್ದದೆ.”

ನಾಗವೇಣಿ ಯಂತ್ರದ ಕೆಳಗೆ ಬಗ್ಗಿ ನೋಡಿದಳು; ನೆಲ ಖಾಲಿಯಾಗಿತ್ತು. “ಕೆಳಗಿದ್ದ ತವುಡನ್ನ, ಭತ್ತ ತಂದಿದ್ದ ಗುತ್ಯಪ್ಪ ಆಗಲೇ ದನಕ್ಕೆ ತುಂಬ್ಕಂಡು ಹೋದ, ಅಣ್ಣಾ.”