ಕಪಾಟಿನಲ್ಲಿದ್ದ ಪ್ರಿಸಂ

ಸಿದ್ದಾಪುರದಲ್ಲಿ ನಾನು ಬಿಎಸ್‌ಸಿ ಓದುವಾಗ ಭೌತಶಾಸ್ತ್ರದ ಲ್ಯಾಬಿಗೆ ಒಬ್ಬ ಅಟೆಂಡರ್ ಇದ್ದರು. ಕನ್ನಡಕವನ್ನು ಹಣೆಗೇರಿಸಿ, ನಮ್ಮ ರೀಡಿಂಗುಗಳ ಮೇಲೆ ಬೆರಳಾಡಿಸುತ್ತ ಅವರು ಹೇಳುತ್ತಿದ್ದುದು ಒಂದೇ ಮಾತು: “ನಂಬಡ ಕೂಸೇ, ಮತ್ತೊಂದ್ಸಲ ನೋಡು.” ಲ್ಯಾಬಿನ ತಕ್ಕಡಿಯನ್ನೂ ಅವರು ನಂಬುತ್ತಿರಲಿಲ್ಲ, ನಮ್ಮನ್ನಂತೂ ಇಲ್ಲವೇ ಇಲ್ಲ.

ಉತ್ತರ ಮೊದಲು ಬರೆದು, ಅದಕ್ಕೆ ಹೊಂದುವ ರೀಡಿಂಗನ್ನು ಆಮೇಲೆ ಹುಟ್ಟಿಸುವುದು ನಮ್ಮೆಲ್ಲರ ರೂಢಿ. ಒಮ್ಮೆ ಪ್ರಿಸಂ ಪ್ರಯೋಗದ ರೆಕಾರ್ಡನ್ನು ಹಾಗೆಯೇ ತುಂಬಿ ಅವರ ಮುಂದಿಟ್ಟೆ. ಅವರು ಪೂರ್ತಿ ಓದಿ, ಎದ್ದು, ಕಪಾಟಿನ ಬೀಗ ತೆಗೆದರು. ಪ್ರಿಸಂ ಒಳಗೇ ಇತ್ತು.

“ಇದು ವಾರದಿಂದ ಇಲ್ಲೇ ಇದ್ದು. ನೀ ಅಳೆದದ್ದು ಎಂತದು?”

ಲೆಕ್ಚರರಿಗೆ ಮಾತ್ರ ಅವರು ಹೇಳಲಿಲ್ಲ.

ಈಗ ನಾನು ಜೀವಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಹೋದ ತಿಂಗಳು, ಬಿಸಿಗೆ ಪ್ರೋಟೀನಿನ ಮಡಿಕೆ ಬಿಚ್ಚಿಕೊಳ್ಳುವುದನ್ನು ತೋರಿಸುವ ಗ್ರಾಫ್ ನಾವು ಎರಡು ವರ್ಷ ಬಯಸಿದ ಹಾಗೆಯೇ ಬಂತು. ಗೈಡ್ ಪೇಡೆ ತರಿಸಿ ಹಂಚಿದರು. ಪೇಡೆ ಬಾಯಲ್ಲಿರುವಾಗಲೇ ಆ ಗ್ರಾಫಿನ ಮೇಲೆ ಅಟೆಂಡರರ ಬೆರಳು ಆಡಿದಂತಾಯಿತು. ಮರುದಿನ ಎಲ್ಲರಿಗಿಂತ ಮೊದಲೇ ಹೋಗಿ, ಪ್ರೋಟೀನು ಹಾಕದೆ ಬರೀ ಉಪ್ಪುನೀರನ್ನು ಅದೇ ಯಂತ್ರದಲ್ಲಿಟ್ಟು ಬಿಸಿ ಮಾಡಿದೆ. ಬಿಚ್ಚಿಕೊಳ್ಳಲು ಏನೂ ಇಲ್ಲದ ಮೇಲೆ ಗೆರೆ ಚಪ್ಪಟೆಯಾಗಿಯೇ ಇರಬೇಕು.

ಅದೇ ಗೆರೆ, ಅಷ್ಟೇ ಚೆಂದವಾಗಿ ಮೇಲೇರಿತು.