ಸಿರುಗುಪ್ಪದಿಂದ ಬಂದ ರಾಣಿ ರೂಪಾಯಿ

ಅಂಟವಾಳದ ಕಾಯಿಯನ್ನು ಬಿಸಿನೀರಿಗೆ ಹಾಕಿದಾಗ ಏಳುವ ಆ ಒಗರು ವಾಸನೆ ಈಗ ಸಿಗುವುದೇ ಅಪರೂಪ. ಮೊನ್ನೆ ಪಾರ್ವತಿನಗರದ ಪರಿಚಯದವರ ಮನೆಗೆ ಹೋದಾಗ ಹಿರಿಯ ಹೆಂಗಸೊಬ್ಬರು ಬೆಳ್ಳಿಯ ದೀಪಗಳನ್ನು ಆ ನೊರೆಯಲ್ಲಿ ಅದ್ದಿ ತಿಕ್ಕುತ್ತಿದ್ದರು. ಒಳಗೆ ಹೋಗಬೇಕಾದವಳು ಹೊಸ್ತಿಲಲ್ಲೇ ನಿಂತುಬಿಟ್ಟೆ. ಬಳ್ಳಾರಿಯ ನಮ್ಮ ಹಳೆಯ ಮನೆಯ ಹಿತ್ತಲು, ಕಲ್ಲಿನ ದೋಣಿ, ಮೊಣಕೈವರೆಗೆ ನೊರೆ ಮೆತ್ತಿದ ಸೋದರತ್ತೆ ಗಂಗತ್ತಿಯ ಕೈಗಳು, ನಡುಮನೆಯಿಂದ ತಾತ ಕೂಗುತ್ತಿದ್ದ ದನಿ, ಎಲ್ಲ ಒಟ್ಟಿಗೆ ಬಂದವು. "ತಾಟು ತಂಬಿಗಿ ಏನರ ತೊಳಕೋರಿ, ರೂಪಾಯಿ ಮಾತ್ರ ನೀರಿಗಿ ಹಾಕಬ್ಯಾಡ್ರಿ!" ನಿಮ್ಮ ಮನೆಯಲ್ಲೂ ಇಂಥದೊಂದು ದನಿ ಇದ್ದಿರಬೇಕು. ಇರುವಾಗ ಸಾಕುಸಾಕೆನಿಸಿ, ನಿಂತ ಮೇಲೆ ಮನೆಯೇ ಬರಿದಾಯಿತೆನ್ನಿಸುವಂಥದು.

ತಾತ ಹಳೆಯ ಬೆಳ್ಳಿಯ ವ್ಯಾಪಾರಿ. ಕೋಟೆಗುಡ್ಡ ಕಾಣುವ ಓಣಿಯಲ್ಲಿ ನಮ್ಮ ಮನೆ. ಮುಂದಿನ ಪಡಸಾಲೆಯೇ ಅಂಗಡಿ. ಎರಡನೇ ಮಹಾಯುದ್ಧದ ಕಾಲ ಅದು. ಹೊಸ ರೂಪಾಯಿಗಳಲ್ಲಿ ಬೆಳ್ಳಿ ಕಡಿಮೆಯಾಗಿದೆ ಎಂಬ ಸುದ್ದಿ ಹಬ್ಬಿ, ಜನ ರಾಣಿಯ ಮುಖವಿದ್ದ ಹಳೆಯ ರೂಪಾಯಿಗಳನ್ನು ಹುಡುಕಿ ಹುಡುಕಿ ಬಚ್ಚಿಡುತ್ತಿದ್ದರು. ತವರ, ಸೀಸ ಬೆರೆಸಿ ಎರಕ ಹೊಯ್ದ ಕಳ್ಳ ರೂಪಾಯಿಗಳೂ ಓಡಾಡುತ್ತಿದ್ದವು. ತಾತ ಯಾರನ್ನೂ ನಂಬುತ್ತಿರಲಿಲ್ಲ. ಗಿರಾಕಿಗಳು ತೆಲುಗಿನಲ್ಲಿ ಕೇಳಿದರೆ ಕನ್ನಡದಲ್ಲಿ, ಕನ್ನಡದಲ್ಲಿ ಕೇಳಿದರೆ ತೆಲುಗಿನಲ್ಲಿ ಉತ್ತರ ಕೊಟ್ಟು, ಅವರು ತಡವರಿಸುವಾಗ ಮುಖ ನೋಡುತ್ತಿದ್ದ. ಹಾಲಿನವಳ ಚರಿಗೆಯ ತಳವನ್ನು ಬೆರಳಿನಿಂದ ಸವರಿ ನೋಡುತ್ತಿದ್ದ. ನನ್ನ ಅಪ್ಪ ಅಂಗಡಿಯ ಬೀಗ ಹಾಕಿದ ಮೇಲೆ ತಾತ ತಾನೂ ಒಮ್ಮೆ ಹೋಗಿ ಜಗ್ಗಿ ಬರುತ್ತಿದ್ದ.

ಆದರೆ ನಾಣ್ಯ ಕೈಗೆತ್ತಿಕೊಂಡಾಗ ಅದೇ ಸಂಶಯ ಒಂದು ಬಗೆಯ ಅಕ್ಕರೆಯಾಗುತ್ತಿತ್ತು. ಪಕ್ಕದಲ್ಲಿ ನನ್ನನ್ನು ಕೂಡಿಸಿಕೊಂಡು, ಅಂಚು ಮಾತ್ರ ಹಿಡಿದು, ಬೆಳಕಿಗೆ ವಾರೆ ಮಾಡುತ್ತಿದ್ದ. "ಮದಲ ಹುಬ್ಬಿನ ಮ್ಯಾಲಿನ ಕೂದಲಾ ನೋಡು. ಸವಿಯೂದು ಅಲ್ಲಿಂದನ. ಆಮ್ಯಾಲ ಗಲ್ಲ. ಆಮ್ಯಾಲ ಕಿರೀಟದ ಮುತ್ತು." ಕೂದಲ ಎಳೆ ಎಳೆ ಕಂಡು, ಮೈ ಮೇಲೆ ಹುಟ್ಟಿನ ಹೊಳಪು ಉಳಿದಿದ್ದರೆ ಅದು ಕೈ ಕಾಣದ್ದು. ಕೂದಲು ಒಂದಕ್ಕೊಂದು ಅಂಟಿದಂತಿದ್ದರೆ ಕೈಯಾಡಿದ್ದು. ಗಲ್ಲ ಚಪ್ಪಟೆಯಾಗಿದ್ದರೆ ಸವೆದದ್ದು. ರಾಣಿಯೋ ರಾಜನೋ ತಿಳಿಯದಷ್ಟು ಅಳಿಸಿದ್ದರೆ ಬೋಳು. ತೊಳೆದು ತಿಕ್ಕಿದ ನಾಣ್ಯವನ್ನು ಕಂಡರೆ ತಾತನಿಗೆ ಸಿಟ್ಟು. ಅದು ಸತ್ತ ಹೊಳಪು, ಎಲ್ಲ ಕಡೆ ಒಂದೇ ಸಮ ಬೆಳ್ಳಗೆ. ಕೈ ಕಾಣದ ನಾಣ್ಯವನ್ನು ತಿರುಗಿಸಿದರೆ ಬೆಳಕು ಅದರ ಮೈಮೇಲೆ ಓಡುತ್ತದಂತೆ. ಅಂಥದನ್ನು ಪ್ರಾಯದಲ್ಲಿ ನೋಡಿದ್ದೆ, ಈಗೆಲ್ಲಿ ಬರಬೇಕು ಎನ್ನುತ್ತಿದ್ದ.

ಅದು ಬಂದದ್ದು ಗಂಗತ್ತಿಯ ಉಡಿಯಲ್ಲಿ. ಗಂಗತ್ತಿ ತಾತನ ಕೊನೆಯ ಮಗಳು. ತಾಯಿಯಿಲ್ಲದೆ ಬೆಳೆದವಳು, ಮಾತು ಕಡಿಮೆ. ಸಿರುಗುಪ್ಪದಿಂದ ನೆಂಟಸ್ತನ ಕೂಡಿಬಂದಿತ್ತು. ಹುಡುಗನ ಅಜ್ಜಿ ಈರವ್ವ ತಾನೇ ಬಂದು ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಹಾಕಿ, ಕೊನೆಗೆ ಹಸಿರು ರೇಷ್ಮೆಯ ತುಂಡಿನಿಂದ ಒಂದು ರಾಣಿ ರೂಪಾಯಿ ಬಿಚ್ಚಿ ಇಟ್ಟಳು. "ನಮ್ಮ ಮನಿಗಿ ಬಂದ ಸೊಸ್ತೇರೆಲ್ಲಾ ಇದನ್ನ ಉಡ್ಯಾಗ ಕಟಗೊಂಡು ಬಂದಾರವ್ವಾ. ಬಂದ ಮ್ಯಾಲ ಮತ್ತ ದೇವರ ಜಗಲಿ ಮ್ಯಾಗನ ಇಡ್ತೀವಿ. ನಾನೂ ಹಂಗ ಬಂದಾಕಿ" ಅಂದಳು. ವರನನ್ನು ಗಂಗತ್ತಿ ನೋಡಿದ್ದು ಬಾಗಿಲ ಸಂದಿಯಿಂದಷ್ಟೇ. ಆದರೂ ಆ ದಿನಗಳಲ್ಲಿ ಆಕೆ ರೊಟ್ಟಿ ಬಡಿಯುವ ಸದ್ದೇ ಬೇರೆಯಾಗಿತ್ತು.

ಅವರು ಹೋದೊಡನೆ ತಾತ ನಾಣ್ಯ ಇಸಿದುಕೊಂಡ. ಕಡಪ ಕಲ್ಲಿನ ಮೇಲೆ ಬಡಿದ. ಉದ್ದನೆಯ ನಾದ ಬಂತು. ಅಂಚಿನ ಗೀರುಗಳನ್ನು ಉಗುರಿನಿಂದ ಎಣಿಸುವಂತೆ ಸವರಿದ. ಬೆಳಕಿಗೆ ತಿರುಗಿಸಿದಾಗ ನಾನೂ ಕಂಡೆ, ಬೆಳಕು ಓಡಿತು. ರಾಣಿಯ ಹುಬ್ಬಿನ ಮೇಲೆ ಈಗ ತಾನೇ ಬಾಚಿದಂಥ ಕೂದಲು. ತಾತನ ಮುಖ ಅರಳಿ, ಹಾಗೇ ಗಂಟಾಯಿತು.

"ಇಷ್ಟು ಹಳೇ ರೂಪಾಯಿ ಇಷ್ಟು ಚಲೋ ಇರಾಕ ಹ್ಯಾಂಗ ಸಾಧ್ಯ? ಚಲೋ ಐತಿ ಅನ್ನೂದ ತಪ್ಪು."

ಸಿರುಗುಪ್ಪವೆಂದರೆ ಹೊಳೆಯ ದಂಡೆ. ಆಚೆ ನಿಜಾಮನ ಸೀಮೆ. ಕಳ್ಳ ಮಾಲೆಲ್ಲ ಆ ಹೊಳೆ ದಾಟಿಯೇ ಬರುತ್ತದೆಂದು ತಾತನ ನಂಬಿಕೆ. ನಾಣ್ಯ ಖೊಟ್ಟಿಯಾದರೆ ಮನೆತನವೂ ಖೊಟ್ಟಿ, ಹೊಲ ಗದ್ದೆ ಅಂದದ್ದೆಲ್ಲ ಸುಳ್ಳು, ಹುಡುಗನಿಗೆ ಏನು ರೋಗವಿದೆಯೋ ಎಂದು ಊಟದ ಹೊತ್ತಿಗೆ ಲೆಕ್ಕ ಎಲ್ಲಿಗೋ ಹೋಗಿತ್ತು. ಬಡಿಸುತ್ತಿದ್ದ ಗಂಗತ್ತಿ ಸೌಟನ್ನು ಸಾರಿನಲ್ಲೇ ಬಿಟ್ಟು ಹಿತ್ತಲಿಗೆ ಹೋದಳು.

ಕುರುಗೋಡಿನ ಮೌನಪ್ಪ ಪತ್ತಾರ ತಾತನ ಬಾಲ್ಯದ ಗೆಳೆಯ. ಬಂಗಾರ ಬೆಳ್ಳಿ ಪರೀಕ್ಷೆಯಲ್ಲಿ ತಾತ ಒಪ್ಪುತ್ತಿದ್ದ ಒಬ್ಬನೇ ಮನುಷ್ಯ. ಪೆಟ್ರೋಲು ಸಿಗದೆ ಇದ್ದಲಿನ ಹೊಗೆಯಿಂದ ಓಡುತ್ತಿದ್ದ ಆ ಕಾಲದ ಬಸ್ಸಿನಲ್ಲಿ ತಾತ ನನ್ನನ್ನೂ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಒಂದು ಕೈ ಸೊಂಟದ ಚೀಲದ ಮೇಲೆ. ಮೌನಪ್ಪ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ. ಎರಕ ಹೊಯ್ದದ್ದರಲ್ಲಿ ಮೈಮೇಲೆ ಸಣ್ಣ ಗುಳಿ ಬೀಳುತ್ತವೆ, ಅಂಚಿನಲ್ಲಿ ಬೆಸುಗೆಯ ಗೆರೆ ಕಾಣುತ್ತದೆ, ಇದರಲ್ಲಿ ಎರಡೂ ಇಲ್ಲವೆಂದು ನನಗೂ ತೋರಿಸಿದ. ತಕ್ಕಡಿಯಲ್ಲಿ ಇನ್ನೊಂದು ರಾಣಿ ರೂಪಾಯಿಯ ಎದುರಿಗಿಟ್ಟಾಗ ಇದೇ ಕೂದಲೆಳೆಯಷ್ಟು ಕೆಳಗಿಳಿಯಿತು.

"ಅದು ಸವದೈತಿ, ಇದು ಸವದಿಲ್ಲ, ಅಷ್ಟ. ಇದು ಕೈ ಕಾಣದ್ದು ಮಾರಾಯಾ. ಕಣ್ಣಿಗಿ ಒತ್ತಿಕೊಂಡು ಮನಿಗಿ ಹೋಗು" ಅಂದ ಮೌನಪ್ಪ.

ತಾತ ಬಸ್ಸು ಹತ್ತಿ ಕೂತ. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, "ಮದವಿ ಮನಿ ಒಡವಿ ಮಾಡಾಕ ಇವಗ ಕೊಟ್ಟಾರೋ ಏನೋ. ಅದಕ್ಕ ಅವರ ಪರ ಮಾತಾಡ್ತಾನ" ಅಂದ. ಐವತ್ತು ವರ್ಷದ ಗೆಳೆತನ ಆ ಬಸ್ಸಿನ ಹೊಗೆಯಲ್ಲಿ ಹೋಯಿತು. ಮುಂದೆ ಎಂದೂ ತಾತ ಕುರುಗೋಡಿಗೆ ಹೋಗಲಿಲ್ಲ.

ಮರುದಿನ ಮಧ್ಯಾಹ್ನ, ಅಪ್ಪ ಇಲ್ಲದ ಹೊತ್ತಿನಲ್ಲಿ, ತಾತ ಉಳಿ ಸುತ್ತಿಗೆ ತಂದ. ಅಡಿಗೆಮನೆಯಿಂದ ಗಂಗತ್ತಿ ಓಡಿಬಂದು "ಅಪ್ಪಾ, ಬ್ಯಾಡ" ಅನ್ನುವುದರೊಳಗೆ ಏಟು ಬಿದ್ದಿತ್ತು. ರಾಣಿಯ ಹುಬ್ಬಿನಿಂದ ಗಲ್ಲದವರೆಗೆ ಆಳವಾದ ಕಡಿತ. ಅದರೊಳಗೂ ಅಪ್ಪಟ ಬೆಳ್ಳಿ, ಹಾಲಿನಂತೆ. ತಾತ ಉಳಿ ಕೆಳಗಿಡುವುದನ್ನೂ ಮರೆತು ಕೂತ. ಗಂಗತ್ತಿ ನಾಣ್ಯವನ್ನು ಎತ್ತಿಕೊಂಡು ಹಸಿರು ರೇಷ್ಮೆಯಲ್ಲಿ ಸುತ್ತಿ ದೇವರ ಮುಂದಿಟ್ಟಳು.

ಜವಳಿ ತರಲು ಈರವ್ವ ಬಳ್ಳಾರಿಗೆ ಬಂದಾಗ ನಮ್ಮಲ್ಲಿಗೂ ಬಂದಳು. ಮಜ್ಜಿಗೆ ಕುಡಿದು, ನಾಣ್ಯ ಜೋಪಾನವಾಗಿದೆಯೇ ಎಂದು ಕೇಳಿದಳು. ಗಂಗತ್ತಿ ತಂದುಕೊಟ್ಟಳು. ಮುದುಕಿಯ ಹೆಬ್ಬೆರಳು ಕಡಿತದ ಮೇಲೆ ನಿಂತಿತು.

"ಇದೇನ್ರಿ?"

"ನೀವು ಕೊಟ್ಟಾಗ ಹಂಗ ಇತ್ತಲ್ಲ" ಅಂದ ತಾತ. ಗೋಡೆಯ ಕಡೆ ನೋಡುತ್ತಿದ್ದ. ಊರೆಲ್ಲರ ಸುಳ್ಳನ್ನು ಮುಖ ನೋಡಿಯೇ ಹಿಡಿಯುತ್ತಿದ್ದ ಮನುಷ್ಯನ ಬಾಯಲ್ಲಿ ಆ ಮಾತು ಕೇಳಿ ನನ್ನ ಅವ್ವ ತಲೆ ತಗ್ಗಿಸಿದಳು. ಆಗ ಗಂಗತ್ತಿ, ಹಿರಿಯರೆದುರು ಎಂದೂ ದನಿಯೆತ್ತದವಳು, ಸ್ಪಷ್ಟವಾಗಿ ಹೇಳಿದಳು: "ಇಲ್ಲಜ್ಜಿ. ಖೊಟ್ಟಿ ಅಂತ ತಿಳಕೊಂಡು ನಮ್ಮಪ್ಪ ಕಡದಾನ."

ಮದುವೆ ಮುರಿಯಿತೆಂದೇ ಎಲ್ಲರೂ ತಿಳಿದೆವು. ಈರವ್ವ ನಾಣ್ಯವನ್ನು ಸೆರಗಿನಿಂದ ಒರೆಸಿ ಒರೆಸಿ, ಕೊನೆಗೆ ಗಂಗತ್ತಿಯ ಕೈಗೇ ಇಟ್ಟಳು. "ಬಟ್ಟಿ ಆಗಿದ್ರ ಹೊಲೀಬಹುದಿತ್ತು. ಹಿಂಗ ಉಡ್ಯಾಗ ಕಟಗೊಂಡು ಬಾರವ್ವಾ. ಬರ್ತೀ ಇಲ್ಲೋ?" ಗಂಗತ್ತಿ ಹೂಂ ಅಂದಳು. ಅಳು ಬಂದದ್ದು ಆಮೇಲೆ.

ಮದುವೆ ಆಯಿತು. ತಾತನ ಸಂಶಯ ಮಾತ್ರ ಹೋಗಲಿಲ್ಲ, ಜಾಗ ಬದಲಿಸಿತು. "ಇಕಿ ಯಾವಾಗಿನಿಂದ ಅವರ ಕಡೆಯಾಕಿ ಆಗಿದ್ಲೋ" ಎಂದು ಒಬ್ಬನೇ ಗೊಣಗುತ್ತಿದ್ದ. ನಾಗರಪಂಚಮಿಗೆ ಗಂಗತ್ತಿಯನ್ನು ಕರೆಯೋಣವೆಂದು ಅವ್ವ ಕೇಳಿದರೆ, "ಇಲ್ಲೀ ಸುದ್ದಿ ಅಲ್ಲಿಗಿ ಒಯ್ಯಾಕ?" ಎನ್ನುತ್ತಿದ್ದ. ಓಣಿಯ ಮನೆಮನೆಗೂ ಹೆಣ್ಣುಮಕ್ಕಳು ಬಂದಿಳಿಯುತ್ತಿದ್ದರು. ನಮ್ಮ ಜೋಕಾಲಿಯನ್ನು ಜೀಕಲು ನಾನೊಬ್ಬಳೇ. ಅವ್ವ ಕದ್ದು ಕಳಿಸಿದ ಉಂಡಿಯ ಡಬ್ಬಿ ಸಿರುಗುಪ್ಪದಿಂದ ಹೊಸ ಅಕ್ಕಿ ತುಂಬಿಕೊಂಡು ಮರಳುತ್ತಿತ್ತು. ಯುದ್ಧ ಮುಗಿದು, ದೇಶ ಸ್ವತಂತ್ರವಾಗಿ, ಬೆಳ್ಳಿಯಿಲ್ಲದ ರೂಪಾಯಿ ಬಂತು. ಪಡಸಾಲೆಗೆ ಬರುವವರು ಕಡಿಮೆಯಾದರು.

ಬಳ್ಳಾರಿ ಮೈಸೂರು ಸೀಮೆಗೆ ಸೇರಿದ ವರ್ಷ ತಾತ ಹಾಸಿಗೆ ಹಿಡಿದ. ಕಣ್ಣಿಗೆ ಪೊರೆ ಬಂದಿತ್ತು. ಏನು ಕೊಟ್ಟರೂ ಮೂಸಿ, "ಏನ ಕಲಿಸೀರಿ ಇದರಾಗ?" ಎಂದು ಕೇಳಿ, ಅರ್ಧ ಬಿಡುತ್ತಿದ್ದ. ಅವ್ವ ಯಾರನ್ನೂ ಕೇಳದೆ ಸಿರುಗುಪ್ಪಕ್ಕೆ ಹೇಳಿ ಕಳಿಸಿದಳು. ಗಂಗತ್ತಿ ಸಂಜೆಯ ಬಸ್ಸಿಗೆ ಬಂದಳು. ಕಾಲು ತೊಳೆದು, ನೆಟ್ಟಗೆ ಮಂಚದ ಹತ್ತಿರ ಹೋದಳು.

"ಯಾರದು?"

"ನಾನಪ್ಪಾ. ಗಂಗಾ."

"ಖರೇನ?"

"ಖರೇನಪ್ಪಾ."

ತಾತ ಮತ್ತೇನೂ ಕೇಳಲಿಲ್ಲ. ತಪ್ಪಾಯಿತೆಂದು ಅನ್ನಲಿಲ್ಲ, ಆಕೆಯೂ ಅದಕ್ಕಾಗಿ ಕಾಯಲಿಲ್ಲ.

ಆ ಮನೆ ಈಗಿಲ್ಲ. ಅಲ್ಲಿ ಅಂಗಡಿಗಳ ಸಾಲು ಎದ್ದಿದೆ. ಅವರಾರೂ ಈಗಿಲ್ಲ. ಆ ಮರುದಿನದ ಬೆಳಗು ಮಾತ್ರ ನನ್ನ ಕಣ್ಣಮುಂದಿದೆ. ಗಂಗತ್ತಿ ತಾತನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಜಿಯ ಬಟ್ಟಲನ್ನು ತುಟಿಗೆ ಹಿಡಿದಳು. ತಾತ ಮೂಸಿ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು, ಹಸಿದ ಕೂಸಿನಂತೆ, ಎಲ್ಲವನ್ನೂ ಕುಡಿದ.