ಆಯಿ ಬೀಸಣಿಕೆ ಹಿಡಿದ ಪಂಚಮಿ

ಬಿಸಿಯಾದ ಪ್ಲಾಸ್ಟಿಕ್ಕಿಗೆ ಒಂದು ವಾಸನೆ ಇದೆ. ಸುಟ್ಟ ವಾಸನೆಯಲ್ಲ ಅದು, ಸುಡುವ ಮುಂಚಿನದು. ಮೊದಲು ಮೇಲಿನ ಧೂಳು ಕಾಯುತ್ತದೆ, ಆಮೇಲೆ ಒಳಗಿನ ತಂತಿ. ಮೊನ್ನೆ ಶಿಗ್ಗಾಂವದಲ್ಲಿ ಮಿಕ್ಸರ್ ರಿಪೇರಿಗೆ ಕೊಟ್ಟು ಅಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದೆ. ಅಂಗಡಿಯವನು ಯಾವುದೋ ಹಳೆಯ ಅಡಾಪ್ಟರನ್ನು ಪ್ಲಗ್ಗಿಗೆ ಚುಚ್ಚಿ ಮರೆತುಬಿಟ್ಟಿದ್ದ. ಅದು ಕಾದಂತೆಲ್ಲ ಆ ವಾಸನೆ ಮೂಗಿಗೆ ಬಡಿಯಿತು. ಕಣ್ಣೆದುರಿಗಿದ್ದ ಶಿಗ್ಗಾಂವ ಮರೆತೇಹೋಯಿತು. ಹಾನಗಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ, ಬೆಳಕಿಂಡಿಯಿಂದ ಇಳಿದ ಬಿಸಿಲುಕೋಲಿನ ಪಕ್ಕ, ಚಾಪೆಯ ಮೇಲೆ ಕಾಲು ಮಡಚಿ ಕುಳಿತಿದ್ದೆ. ಎದುರಿಗೆ ಟಿವಿ, ಕೈಯಲ್ಲಿ ವಿಡಿಯೋ ಗೇಮಿನ ರಿಮೋಟು, ಹೊಟ್ಟೆಯೊಳಗೆ ಈ ವಯಸ್ಸಿಗೂ ಆರದ ಒಂದು ಸಿಟ್ಟು. ನಿಮಗೂ ಅಂಥದೊಂದು ಮನೆ ಇದ್ದಿರಬಹುದು, ಈಗ ಇಲ್ಲದ್ದು. ಅಂಥವರಿಗೆ ಇದು ಬೇಗ ತಿಳಿಯುತ್ತದೆ.

ತಾರಕೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಇತ್ತು ಆ ಮನೆ. ಮಣ್ಣಿನ ಮಾಳಿಗೆ, ಮೊಳ ದಪ್ಪದ ಗೋಡೆಗಳು, ಬೇಸಿಗೆಯಲ್ಲೂ ಅಂಗಾಲು ತಣ್ಣಗಾಗುವ ನೆಲ. ದೊಡ್ಡಪ್ಪನದು ಕಾಳಿನ ವ್ಯಾಪಾರ. ಮುಂದಿನ ಖೋಲಿಯಲ್ಲಿ ಗೋವಿನಜೋಳದ, ಶೇಂಗಾದ ಚೀಲಗಳು ಒಂದರ ಮೇಲೊಂದು ಏರಿರುತ್ತಿದ್ದವು, ಗೋಣಿಯ ಮತ್ತು ಹಸಿ ಶೇಂಗಾದ ವಾಸನೆ ನಮ್ಮ ಅರಿವೆಗಳಿಗೂ ಹತ್ತಿರುತ್ತಿತ್ತು. ಅವ್ವ ತೀರಿಕೊಂಡ ಮೇಲೆ ಅಪ್ಪ ನನ್ನನ್ನು ತನ್ನ ಅಣ್ಣನ ಆ ಮನೆಯಲ್ಲಿ ಬಿಟ್ಟಿದ್ದ. ಅವನು ಬಸ್ ಕಂಡಕ್ಟರ್, ಹಿರೇಕೆರೂರಿನಲ್ಲಿ ಒಂದು ಖೋಲಿ ಹಿಡಿದುಕೊಂಡಿದ್ದ. ರಜೆ ಸಿಕ್ಕಾಗ ಬರುತ್ತಿದ್ದ. ಬರುವಾಗ ತನ್ನ ತಾಯಿಗೆ ಸವಣೂರಿನ ವೀಳ್ಯದೆಲೆ, ನನಗೆ ತಿನ್ನಲು ಸವಣೂರಿನ ಖಾರ. ನನ್ನ ಪಾಲಿಗೆ ಆ ಮನೆಯಲ್ಲಿ ಉಳಿದದ್ದು ಅಪ್ಪನ ತಾಯಿ, ನಮ್ಮ ಆಯಿ, ಗುರುಬಸವ್ವ. ತೆಳ್ಳಗೆ, ಉದ್ದಕ್ಕೆ, ಬಿದಿರಿನ ಗಳದ ಹಾಗೆ ಇದ್ದಳು. ಹಣೆಯ ತುಂಬ ವಿಭೂತಿ, ಬಾಯಿಯ ತುಂಬ ಎಲೆ ಅಡಿಕೆ. ಮಧ್ಯಾಹ್ನ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಪಗಡಿ ಆಡುತ್ತಿದ್ದಳು. ಸೋಲುವುದನ್ನು ಸಹಿಸುತ್ತಿದ್ದಳು, ಮೋಸವನ್ನಲ್ಲ. ಒಮ್ಮೆ ಮೂಲೆಮನೆಯ ಹೆಂಗಸು ಸೆರಗಿನ ಮರೆಯಲ್ಲಿ ಒಂದು ಕಾಯಿ ಮುಂದೆ ಸರಿಸಿದ್ದಳಂತೆ. ಆಯಿ ಅದನ್ನು ಕಂಡೂ ಆಟ ಮುಗಿಸಿ ಎದ್ದಳು. ಎಷ್ಟೋ ವರ್ಷದ ಮೇಲೆ ಆ ಹೆಂಗಸು ಮಗನ ಮದುವೆಗೆ ಅರಿಶಿನ ಕುಂಕುಮ ಹಿಡಿದು ಕರೆಯಲು ಬಂದಾಗ, ನನಗೆ ನಿನ್ನ ಮನೆಯ ಹಾದಿ ನೆನಪಿಲ್ಲ ಎಂದು ಹೊಸ್ತಿಲಿಂದಲೇ ಕಳಿಸಿದಳು.

ದೊಡ್ಡಪ್ಪನ ಒಬ್ಬನೇ ಮಗ ಮಹಾಂತೇಶ. ನನಗಿಂತ ಸ್ವಲ್ಪ ದೊಡ್ಡವನು, ಬಿಳುಪಾಗಿ ದುಂಡಗಿದ್ದ, ಬೇಡಿದ್ದು ಸಿಗುವವರೆಗೆ ಊಟ ಬಿಡುವ ಹಟದವನು. ಹಾಗೆ ಊಟ ಬಿಟ್ಟೇ ವಿಡಿಯೋ ಗೇಮ್ ತರಿಸಿಕೊಂಡ. ಓಣಿಗೆಲ್ಲ ಅದೊಂದೇ. ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ಮಷಿನ್ನಿನೊಳಗೆ ಒತ್ತಿದರೆ ಟಿವಿಯಲ್ಲಿ ಕಾಡು ಮೂಡುತ್ತಿತ್ತು, ಕಾಡಿನಲ್ಲಿ ಬಂದೂಕು ಹಿಡಿದ ಒಬ್ಬ ಮನುಷ್ಯ ಓಡುತ್ತಿದ್ದ. ಗುಂಡು ತಗುಲಿದರೆ ಒಂದು ಜೀವ ಹೋಯಿತು. ಜೀವಗಳೆಲ್ಲ ತೀರಿದರೆ ರಿಮೋಟು ಮತ್ತೊಬ್ಬರ ಕೈಗೆ. ಯಾರು ದೂರ ಹೋದರೋ ಅವರು ಗೆದ್ದಂತೆ. ಮೊದಲ ಬೇಸಿಗೆಯೆಲ್ಲ ನಾನೇ ಗೆದ್ದೆ. ಬೆರಳಿಗೆ ಅದು ಹೇಗೆ ತಿಳಿಯುತ್ತಿತ್ತೋ ಹೇಳಲಾರೆ, ಗುಂಡು ಹಾರುವ ಮುಂಚೆಯೇ ನನ್ನ ಹೆಬ್ಬೆರಳು ಜಿಗಿದಿರುತ್ತಿತ್ತು. ಓಣಿಯ ಹುಡುಗರು ಮಹಾಂತೇಶನನ್ನು ಬಿಟ್ಟು ನನ್ನ ಬೆನ್ನ ಹಿಂದೆ ಕೂರತೊಡಗಿದರು. ದೊಡ್ಡವ್ವ ಅಡಿಗೆಮನೆಯಿಂದಲೇ, ಅವನ ಸಾಮಾನು ಅವನಿಗೆ ಕೊಡು ಎನ್ನುತ್ತಿದ್ದಳು.

ಆ ವರ್ಷದ ದಸರೆ ರಜೆಯಲ್ಲಿ ಮಹಾಂತೇಶ ಹುಬ್ಬಳ್ಳಿಯ ಸೋದರಮಾವನ ಮನೆಗೆ ಹೋದವನು ಬರುವಾಗ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಕರಿ ಡಬ್ಬಿ ತಂದ. ಮಷಿನ್ನಿಗೂ ಕ್ಯಾಸೆಟ್ಟಿಗೂ ನಡುವೆ ಅದನ್ನು ಸಿಕ್ಕಿಸುತ್ತಿದ್ದ. ಏನದು ಎಂದು ಕೇಳಿದ್ದಕ್ಕೆ, ಮಷಿನ್ ಕಾಯಬಾರದೆಂದು ಹಾಕುವುದು, ಹುಬ್ಬಳ್ಳಿಯಲ್ಲಿ ಎಲ್ಲರೂ ಹಾಕುತ್ತಾರೆ ಎಂದ. ಧೂಳು ಕೂಡುತ್ತದೆಂದು ಮಷಿನ್ನಿನ ಮೇಲೆ ಟವೆಲ್ ಹೊದಿಸತೊಡಗಿದ. ಟಿವಿಯ ಮೂಲೆಗೆ, ಜೀವ ಎಷ್ಟು ಉಳಿದವೆಂದು ತೋರಿಸುವ ಜಾಗಕ್ಕೆ ಸರಿಯಾಗಿ, ಒಂದು ಹುಲಿಯ ಸ್ಟಿಕರ್ ಅಂಟಿಸಿದ. ತನ್ನ ಸರದಿ ಬಂದಾಗ ಟವೆಲ್ಲಿನೊಳಗೆ ಕೈ ಹಾಕಿ, ಮಷಿನ್ ಎಷ್ಟು ಕಾದಿದೆ ನೋಡುತ್ತೇನೆ ಎನ್ನುತ್ತಿದ್ದ. ಅಲ್ಲಿಂದ ಅವನು ಸೋತದ್ದೇ ಇಲ್ಲ. ಕಾಡು ದಾಟಿದ, ಹಿಮ ದಾಟಿದ, ನಾನು ಕಾಣದ ಕೋಟೆಗಳನ್ನು ಹೊಕ್ಕ. ನನ್ನ ಬೆರಳುಗಳಿಗೇ ಏನೋ ಆಗಿದೆ ಎಂದುಕೊಂಡೆ. ಹುಡುಗರು ಅವನ ಬೆನ್ನ ಹಿಂದೆ ಹೋಗಿ ಕುಳಿತರು.

ನನ್ನ ಬಳಿ ಅವ್ವನದೆಂದು ಇದ್ದದ್ದು ಒಂದು ರೇಡಿಯೋ. ಕಂದು ಬಣ್ಣದ ಚರ್ಮದ ಚೀಲ ಹೊದ್ದದ್ದು. ಅವ್ವ ರೊಟ್ಟಿ ಬಡಿಯುವಾಗ ಒಲೆಯ ಪಕ್ಕದ ಗೂಡಿನಲ್ಲಿ ಇಟ್ಟು ಧಾರವಾಡ ಕೇಂದ್ರ ಹಚ್ಚುತ್ತಿದ್ದಳು. ಅದರ ಗುಂಡಿಯ ಗೆರೆಗಳಲ್ಲಿ ಜೋಳದ ಹಿಟ್ಟು ಕೂತಿತ್ತು. ಅದನ್ನು ನಾನು ಎಂದೂ ಒರೆಸಿರಲಿಲ್ಲ. ಮಹಾಂತೇಶ ಒಂದು ಭಾನುವಾರ ಎಲ್ಲರೆದುರು, ಧೈರ್ಯವಿದ್ದರೆ ಪಣ ಕಟ್ಟು, ನೀನು ಗೆದ್ದರೆ ಮಷಿನ್ ನಿನ್ನದು, ಸೋತರೆ ಆ ರೇಡಿಯೋ ನನ್ನದು ಎಂದ. ಕಟ್ಟಿದೆ. ಕಟ್ಟಿದ್ದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಆಟ ಆಟದ ಹಾಗೆ ನಡೆದಿದ್ದರೆ ಅವನು ನನ್ನ ಹತ್ತಿರಕ್ಕೂ ಬರುತ್ತಿರಲಿಲ್ಲ. ಸೋತೆ. ರೇಡಿಯೋ ಕೊಡಲಾರೆನೆಂದು ಎದೆಗವಚಿಕೊಂಡು ನಿಂತಾಗ ಗದ್ದಲ ಕೇಳಿ ದೊಡ್ಡಪ್ಪ ಬಂದ. ಏನು, ಎತ್ತ ಎಂದು ವಿಚಾರಿಸಿ, ನಗುತ್ತ, ನನ್ನ ಕೈಗಳಿಂದ ಅದನ್ನು ಬಿಡಿಸಿ ಮಗನಿಗೆ ಕೊಟ್ಟ.

“ಪಣ ಅಂದ್ರ ಪಣ,” ಎಂದ. “ಸೋತ ಮ್ಯಾಲೆ ಅಳಬಾರದು.”

ಮಹಾಂತೇಶನಿಗೆ ಹಾಡು ಬೇಕಿರಲಿಲ್ಲ. ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು, ಸ್ಕ್ರೂ ಡ್ರೈವರಿನಿಂದ ಅದನ್ನು ಬಿಚ್ಚಿ, ಬಿಚ್ಚಲು ಬಾರದ್ದನ್ನು ಕಲ್ಲಿನಿಂದ ಒಡೆದು, ಸ್ಪೀಕರಿನ ಚುಂಬಕ ತೆಗೆದುಕೊಂಡ. ಅದಕ್ಕೆ ಮೊಳೆ ಅಂಟಿಸುತ್ತ ಓಣಿಯೆಲ್ಲ ತಿರುಗಿದ. ನಾನು ಸಂಜೆ ಚೂರುಗಳನ್ನು ಆರಿಸುವಾಗ ಆಯಿ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಸಮಾಧಾನ ಮಾಡಲಿಲ್ಲ. ಬಾಯಲ್ಲಿದ್ದ ಎಲೆ ಉಗುಳಿ ಬಾಯಿ ಮುಕ್ಕಳಿಸಿ ಒಳಗೆ ಹೋದಳು.

ಮರುದಿನದಿಂದ ನಾವು ಆಡುವಾಗ ಆಯಿ ಪಡಸಾಲೆಯ ಕಂಬಕ್ಕೆ ಒರಗಿ ಕೂರತೊಡಗಿದಳು. ಆ ಓಡುವ ಮನುಷ್ಯ ಏಕೆ ಓಡುತ್ತಾನೆಂದೂ ಅವಳು ಕೇಳಲಿಲ್ಲ. ಎಷ್ಟೋ ದಿನ ಹಾಗೆ ಕೂತವಳು, ಒಂದು ಮಧ್ಯಾಹ್ನ ನನ್ನ ಜಡೆ ಹಾಕುತ್ತ ಮೆಲ್ಲಗೆ ಕೇಳಿದಳು.

“ನಿನ್ನ ಮನಶ್ಯಾ ಸಾಯ್ತಾನ. ಅವನ ಮನಶ್ಯಾ ಯಾಕ ಸಾಯೂದಿಲ್ಲ?”

ಅವನು ಚಲೋ ಆಡುತ್ತಾನೆ ಎಂದೆ. ಆಯಿ ಜಡೆಯನ್ನು ಬಿಗಿಯಾಗಿ ಎಳೆದಳು.

“ನೀ ಟೀವಿ ನೋಡ್ತಿ. ನಾ ಅವನ ಕೈ ನೋಡ್ತೇನಿ. ಟವೆಲ್ಲಿನ್ಯಾಗ ಕೈ ಹಾಕಿದಾಗೊಮ್ಮೆ ಟಕ್ ಅಂತೈತಿ. ನಿನ್ನ ಪಾಳಿ ಬಂದಾಗ ಮತ್ತ ಟಕ್ ಅಂತೈತಿ.”

ಅವನು ಟ್ಯೂಷನ್ನಿಗೆ ಹೋದಾಗ ಇಬ್ಬರೂ ಟವೆಲ್ ಸರಿಸಿ ನೋಡಿದೆವು. ಕರಿ ಡಬ್ಬಿಯ ಮಗ್ಗುಲಿಗೆ ಒಂದು ಸಣ್ಣ ಗುಂಡಿ. ಅದನ್ನು ಮೇಲೆ ಮಾಡಿ ಆಡಿದೆ. ಗುಂಡುಗಳ ಎದುರಿಗೆ ಬೇಕೆಂದೇ ಹೋಗಿ ನಿಂತೆ. ಮನುಷ್ಯ ಬಿದ್ದ, ಎದ್ದ, ಬಿದ್ದ, ಎದ್ದ. ಹುಲಿಯ ಸ್ಟಿಕರಿನ ಅಂಚು ಉಗುರಿನಿಂದ ಎತ್ತಿದರೆ ಒಂದು ಜೀವವೂ ಕಡಿಮೆಯಾಗಿರಲಿಲ್ಲ. ನಾನು ಎದ್ದು ಕಿರುಚಲು ಹೋದೆ. ಆಯಿ ನನ್ನ ಬಾಯಿ ಮುಚ್ಚಿದಳು. ಈಗ ಹೇಳಿದರೆ ನಿನ್ನ ದೊಡ್ಡಪ್ಪ ನಕ್ಕು ಬಿಡುತ್ತಾನೆ, ನಾಗರ ಪಂಚಮಿಗೆ ಮಂದಿ ಬರಲಿ, ಅಲ್ಲಿಯವರೆಗೆ ಬೆರಳು ಮೊಂಡಾಗಲು ಬಿಡಬೇಡ ಎಂದಳು. ಮೋಸದಲ್ಲಿ ಗೆಲ್ಲುವವನು ಆಡುವುದನ್ನೇ ಮರೆಯುತ್ತಾನೆ ಎಂದೂ ಹೇಳಿದಳು. ಅಂದಿನಿಂದ ಅವನು ಟ್ಯೂಷನ್ನಿಗೆ ಹೋದ ಹೊತ್ತಿನಲ್ಲಿ ನಾನು ಗುಂಡಿ ಕೆಳಗೆ ಮಾಡಿ ಆಡುತ್ತಿದ್ದೆ, ಆಯಿ ಬಾಗಿಲಲ್ಲಿ ಮೊರ ಹಿಡಿದು ಕಾಳು ಹಸನು ಮಾಡುತ್ತ ಕಾಯುತ್ತಿದ್ದಳು. ಅವನು ಕಂಡರೆ ಮೊರ ಬಡಿಯುವಳು. ಎಲ್ಲರೆದುರು ಮಾತ್ರ ನಾನು ಸೋಲುತ್ತಲೇ ಹೋದೆ. ಆ ತಿಂಗಳುಗಳಷ್ಟು ಸುಖವಾಗಿ ನಾನು ಮತ್ತೆ ಎಂದೂ ಸೋತಿಲ್ಲ.

ಪಂಚಮಿಗೆ ಮನೆ ತುಂಬಿತು. ಸೋದರತ್ತೆಯರು ತವರಿಗೆ ಬಂದರು, ಜಂತಿಗೆ ಜೋಕಾಲಿ ಬಿತ್ತು, ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟಿನ ಡಬ್ಬಿಗಳು ಸಾಲಾಗಿ ನಿಂತವು. ನಮ್ಮ ಕಡೆ ಪಂಚಮಿಯೆಂದರೆ ಪಣದ ಹಬ್ಬ. ಓಣಿಯ ಗಂಡಸರು ನಿಂಬೆಹಣ್ಣು ಎಸೆಯುವ ಪಣ ಕಟ್ಟಿ ಕೂಗಾಡುತ್ತಿದ್ದರು. ದೊಡ್ಡಪ್ಪ ಬೀಗರನ್ನೆಲ್ಲ ಮಗನ ಆಟ ತೋರಿಸಲು ಪಡಸಾಲೆಯಲ್ಲಿ ಕೂಡಿಸಿದ. ಅಪ್ಪನೂ ಬಂದಿದ್ದ. ಆಗ ಆಯಿ ಸೊಂಟದ ಬೆಳ್ಳಿ ಡಾಬನ್ನು ಬಿಚ್ಚಿ ಎಲ್ಲರ ನಡುವೆ ಇಟ್ಟಳು. ಮಹಾಂತೇಶ ಗೆದ್ದರೆ ಇದು ಅವನ ಹೆಂಡತಿಯಾಗಿ ಬರುವವಳಿಗೆ, ನನ್ನ ಗಿರಿಜಾ ಗೆದ್ದರೆ ಆ ಮಷಿನ್ ಅವಳದು, ಅವಳು ಹೇಳಿದ ಹಾಗೆ ಆಗಬೇಕು ಎಂದಳು. ದೊಡ್ಡಪ್ಪ ಬೀಗರತ್ತ ನೋಡಿ ನಕ್ಕು ಆಗಲಿ ಎಂದ. ದೊಡ್ಡವ್ವ ಡಾಬಿನಿಂದ ಕಣ್ಣು ಕೀಳಲಿಲ್ಲ.

ಆಯಿ, ಮಷಿನ್ನಿಗೆ ವಿಭೂತಿ ಹಚ್ಚಬೇಕು ಎನ್ನುತ್ತ ಹತ್ತಿರ ಹೋಗಿ ಟವೆಲ್ ತೆಗೆದಳು. ಕರಿ ಡಬ್ಬಿಯ ಮೇಲೆ ಬೆರಳಿಟ್ಟು, ಇದೇನಪ್ಪಾ ಎಂದು ಕೇಳಿದಳು.

“ಅದು ಮಷಿನ್ ಕಾಯಬಾರದಂತ ಹಾಕೂದು, ಆಯಿ,” ಎಂದ ಮಹಾಂತೇಶ.

“ಹೌದಾ? ಹಂಗಾದ್ರ ಇವತ್ತ ಅದನ್ನ ತಗದಿಡು. ನಾನ ಕುಂತ ಗಾಳಿ ಬೀಸತೇನಿ.”

ಅವನು ತಂದೆಯ ಮುಖ ನೋಡಿದ. ದೊಡ್ಡಪ್ಪನಿಗೆ ಏನೂ ಗೊತ್ತಿರಲಿಲ್ಲ, ಆಯಿ ಹೇಳುತ್ತಾಳೆ ತೆಗೆಯೋ ಎಂದ. ಆಯಿ ಮಷಿನ್ನಿನ ಪಕ್ಕ ಚಕ್ಕಳಬಕ್ಕಳ ಹಾಕಿ ಕೂತು ಬೀಸಣಿಕೆ ಆಡಿಸತೊಡಗಿದಳು. ಮಹಾಂತೇಶನ ಮನುಷ್ಯ ಕಾಡಿಗೆ ಇಳಿದ, ಎದುರಿನಿಂದ ಹಾರಿಬಂದ ಗುಂಡಿಗೆ ನೆಟ್ಟಗೆ ಹೋಗಿ ಬಿದ್ದ. ಮತ್ತೆ ಎದ್ದ, ನೀರಿನಲ್ಲಿ ಬಿದ್ದ. ಬಾಗುವುದನ್ನು, ಕಾಯುವುದನ್ನು, ಹಿಂದೆ ಸರಿಯುವುದನ್ನು ಅವನ ಬೆರಳುಗಳು ಪೂರ್ತಿ ಮರೆತಿದ್ದವು. ಮೊದಲ ಸೇತುವೆಯನ್ನೂ ದಾಟಲಿಲ್ಲ. ರಿಮೋಟು ಕೆಟ್ಟಿದೆ ಎಂದ. ಮತ್ತೊಂದು ಕೊಟ್ಟರು. ಅದರಲ್ಲೂ ಸತ್ತ. ಬೀಗರಲ್ಲಿ ಯಾರೋ ಕೆಮ್ಮಿದರು. ಆಯಿಯ ಬೀಸಣಿಕೆ ಒಂದೇ ಲಯದಲ್ಲಿ ಆಡುತ್ತಿತ್ತು. ಆಮೇಲೆ ನಾನು ಕೂತೆ. ಅವಸರ ಮಾಡಲಿಲ್ಲ. ಕಾಡು ದಾಟಿದೆ, ಹಿಮ ದಾಟಿದೆ. ಗೆದ್ದದ್ದು ಎಲ್ಲರಿಗೂ ತಿಳಿದ ಮೇಲೂ, ಅವನು ನೋಡುತ್ತಿರಲಿ ಎಂದು ಆಡುತ್ತಲೇ ಇದ್ದೆ.

ಮುಗಿದ ಮೇಲೆ ಮಷಿನ್ನನ್ನು ಎತ್ತಿ ಅವನ ಎದುರಿಗಿಟ್ಟೆ. ಕರಿ ಡಬ್ಬಿಯನ್ನೂ ಇಟ್ಟೆ. ಗೋಡೆಯ ಗೂಡಿನಿಂದ, ರೇಡಿಯೋ ಬಿಚ್ಚಿದ್ದ ಅದೇ ಸ್ಕ್ರೂ ಡ್ರೈವರ್ ತಂದು ಅವನ ಕೈಗೆ ಕೊಟ್ಟೆ.

“ಬಿಚ್ಚು,” ಎಂದೆ.

ದೊಡ್ಡವ್ವ ಓಡಿ ಬಂದಳು, ಇದೆಂಥ ಹುಡುಗಿ, ಹಬ್ಬದ ದಿನ ಎಂದಳು. ಅಪ್ಪ ಎದ್ದು ನನ್ನ ಭುಜದ ಮೇಲೆ ಕೈಯಿಟ್ಟ. ಆ ಕೈಯನ್ನು ಸರಿಸಿದೆ. ಆಯಿ ಬೀಸಣಿಕೆ ಮಡಿಲಲ್ಲಿಟ್ಟು ದೊಡ್ಡಪ್ಪನ ಕಡೆ ನೋಡಿದಳು.

“ಪಣ ಅಂದ್ರ ಪಣ,” ಎಂದಳು.

ಮಹಾಂತೇಶ ಅಳುತ್ತ ಒಂದೊಂದೇ ಸ್ಕ್ರೂ ತೆಗೆದ. ಹಸಿರು ಹಲಗೆಯನ್ನು, ತಂತಿಗಳನ್ನು, ಕೊನೆಗೆ ಆ ಡಬ್ಬಿಯ ಹೊಟ್ಟೆಯೊಳಗಿನ ಕರಿ ಚುಕ್ಕೆಯನ್ನು ಹಳೆಯ ಪೇಪರಿನ ಮೇಲೆ ಸಾಲಾಗಿ ಇಟ್ಟ. ಆ ಡಬ್ಬಿಯ ಕೆಲಸವೇನೆಂದು ಆಯಿ ಆಗ ಎಲ್ಲರಿಗೂ ಬಿಡಿಸಿ ಹೇಳಿದಳು, ಗುಂಡಿಯನ್ನೂ ಹುಲಿಯ ಸ್ಟಿಕರನ್ನೂ ತೋರಿಸಿದಳು. ದೊಡ್ಡಪ್ಪ ತಲೆ ತಗ್ಗಿಸಿದ್ದನ್ನು ಆ ದಿನ ಮೊದಲ ಸಲ ಕಂಡೆ. ಅಷ್ಟೂ ಹೊತ್ತು ನಾನು ಕಣ್ಣು ಮಿಟುಕಿಸದೆ ನೋಡಿದೆ. ಒಂದು ಚೂರೂ ಮರುಕ ಹುಟ್ಟಲಿಲ್ಲ. ಈಗಲೂ ಹುಟ್ಟುವುದಿಲ್ಲ. ಕೆಲವರಿಗೆ ಅವ್ವನ ಕೈಯಡಿಗೆ ನೆನೆದರೆ ಬಾಯಲ್ಲಿ ನೀರೂರುತ್ತದೆ, ನನಗೆ ಆ ಪೇಪರ್ ನೆನೆದರೆ ಹಾಗಾಗುತ್ತದೆ.

ಹಬ್ಬ ಮುಗಿದ ಮೇಲೆ ಆ ಮನೆಯಲ್ಲಿ ಆಯಿಯನ್ನು ಬಿಟ್ಟರೆ ನನಗೆ ತಾಟು ಇಡುವವರು ಇರಲಿಲ್ಲ. ದೊಡ್ಡಪ್ಪ ಅಪ್ಪನಿಗೆ ಹೇಳಿ ಕಳಿಸಿದ. ಅಪ್ಪ ಬಂದು ನನ್ನ ಹಾಸಿಗೆ ಸುತ್ತುವಾಗ ಒಳಗಿನಿಂದ ಆಯಿ ತನ್ನ ಟ್ರಂಕು ಎಳೆದುಕೊಂಡು ಬಂದಳು. ದೊಡ್ಡಪ್ಪ ಬಾಗಿಲಿಗೆ ಅಡ್ಡ ನಿಂತ, ಹುಡುಗರ ಆಟಕ್ಕೆ ಮನೆ ಬಿಡುತ್ತೀಯೇನು ಎಂದು ಕೇಳಿದ.

“ಆಟ ಮುಗೀತಪಾ. ಎದ್ದ ಹೊಂಟೇನಿ,” ಎಂದಳು ಆಯಿ.

ಹಿರೇಕೆರೂರಿನ ಅಪ್ಪನ ಒಂದೇ ಖೋಲಿಯಲ್ಲಿ ನಾವು ಮೂವರೂ ಇದ್ದೆವು. ಆಯಿ ಅಲ್ಲಿಯೇ ತೀರಿಕೊಂಡಳು. ದೊಡ್ಡಪ್ಪ ಮಣ್ಣಿಗೆ ಬಂದವನು ಅಪ್ಪನ ಕೈ ಹಿಡಿದು ಅತ್ತ. ನಾನು ಅವನಿಗೆ ನೀರು ಕೊಡಲಿಲ್ಲ. ಕೆಲ ವರ್ಷದ ಹಿಂದೆ ಹಾನಗಲ್ಲಿನ ಮನೆ ಮಾರುವಾಗ ಅಪ್ಪನ ಪಾಲಿಗೆ ನನ್ನ ಸಹಿ ಬೇಕೆಂದು ಮಹಾಂತೇಶ ಫೋನು ಮಾಡಿದ. ತಲೆ ಬೋಳಾಗಿದೆಯಂತೆ, ಸಕ್ಕರೆ ಕಾಯಿಲೆಯಂತೆ. ಹಳೆಯದನ್ನೆಲ್ಲ ಮರೆತುಬಿಡು ಗಿರಿಜಾ ಎಂದ. ಸಹಿ ಹಾಕುತ್ತೇನೆ, ಮರೆಯುವುದಿಲ್ಲ ಎಂದೆ.

ಸಹಿ ಹಾಕಿ ಒಂದೆರಡು ವರ್ಷದ ಮೇಲೆ ಒಮ್ಮೆ ಒಬ್ಬಳೇ ಹೋಗಿ ನೋಡಿದೆ. ಮಾಳಿಗೆ ಇರಲಿಲ್ಲ, ಪಡಸಾಲೆ ಇರಲಿಲ್ಲ. ಸಿಮೆಂಟಿನ ಎರಡಂತಸ್ತು ಎದ್ದಿತ್ತು, ಕೆಳಗೆ ಅಂಗಡಿಗಳ ಷಟರು. ಬಿಸಿಲಲ್ಲಿ ನಾನು ಸುಮ್ಮನೆ ನಿಂತದ್ದನ್ನು ಕಂಡು ಮೇಲಿನಿಂದ ಒಬ್ಬ ಹೆಂಗಸು ಇಳಿದು ಬಂದು, ಯಾರ ಮನೆಯವರ್ರಿ ಎಂದು ಕೇಳಿದಳು. ದೊಡ್ಡಪ್ಪನ ಹೆಸರು ಹೇಳಿದೆ. ಗೊತ್ತಿರಲಿಲ್ಲ. ಗುರುಬಸವ್ವನ ಮೊಮ್ಮಗಳು ಎಂದೆ. ಅದೂ ಗೊತ್ತಿರಲಿಲ್ಲ. ಓಣಿಗೆ ಹೊಸಬಳಂತೆ. ಆದರೂ, ಬಿಸಿಲಾಗೈತಿ ನಿಂದರ್ರಿ ಎಂದು ಒಳಗೆ ಹೋಗಿ ಚೊಂಬಿನಲ್ಲಿ ನೀರು, ಅಂಗೈಯಲ್ಲಿ ಒಂದು ಚೂರು ಬೆಲ್ಲ ತಂದಳು. ಹೊಸ ಮೆಟ್ಟಿಲ ಮೇಲೆ ಕೂತು ಬೆಲ್ಲ ತಿಂದು ನೀರು ಕುಡಿದೆ. ಚೊಂಬು ತಿರುಗಿ ಅವಳ ಕೈಗೆ ಕೊಟ್ಟು, ಓಣಿ ದಾಟಿ, ಬಸ್ಸಿನ ಕಡೆ ನಡೆದೆ.